ಸೆಗಣಿಗೆ ಚುಚ್ಚಿದ ಕಡ್ಡಿ

೧೯೮೭ರ ಜನವರಿ ೧೯, ಬೆಳಿಗ್ಗೆ ಎಂಟು ನಲವತ್ತು. ಮಸ್ಕಿ ಠಾಣೆಯ ಮೆಟ್ಟಿಲು ಹತ್ತಿ ಬಂದ ಕರೇದಿನ್ನಿಯ ರೈತ ಗದ್ದೆಪ್ಪನಿಗೆ ಹುಬ್ಬುಗಳೇ ಇರಲಿಲ್ಲ. ಪಿಎಸ್‌ಐ ಕನಕರಾಯನ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಆಮೇಲೆ ಸುಟ್ಟ ಕೂದಲಿನ ವಾಸನೆ ಬಂತು.

"ಗ್ಯಾಸ್ ಹತ್ಕೊಂತ್ರಿ ಸಾಹೇಬ್ರ. ಯಾರೋ ಪೈಪು ಕೊಯ್ದಾರ."

"ಯಾವ ಗ್ಯಾಸು?"

"ಸೆಗಣಿ ಗ್ಯಾಸ್ರಿ. ಹಾಕಿಸಿ ಎಂಟು ತಿಂಗಳಾತು."

ನಸುಕಿನ ಆರು ಗಂಟೆಗೆ ಅವನ ಸೊಸೆ ಅಮರಮ್ಮ ಎಮ್ಮೆ ಹಿಂಡಲೆಂದು ಚಿಮಣಿ ದೀಪ ಹಿಡಿದು ದನದ ಮನೆಗೆ ಕಾಲಿಟ್ಟಿದ್ದಳು. ಇಟ್ಟದ್ದೇ ತಡ, ಮಾಳಿಗೆ ಮುಟ್ಟುವಂಥ ಉರಿ ಭಗ್ಗೆಂದು ಎದ್ದಿತ್ತು. ಅವಳನ್ನು ಹೊರಗೆಳೆಯಲು ಹೋಗಿ ಗದ್ದೆಪ್ಪನೂ ಸುಟ್ಟುಕೊಂಡಿದ್ದ. ಟ್ರ್ಯಾಕ್ಟರಿನಲ್ಲಿ ಅವಳನ್ನು ಲಿಂಗಸುಗೂರು ದವಾಖಾನೆಗೆ ಸಾಗಿಸಿದ್ದರು.

"ಹ್ಯಾಂಗದಾಳ?"

"ಉಸುರೈತಿ. ಆರು ತಿಂಗಳ ಬಸುರಿ ಅದಾಳ್ರಿ."

ಕನಕರಾಯ ಎಫ್‌ಐಆರ್ ಬರೆಸಿದ. ಅವನ ಕ್ವಾರ್ಟರ್ಸಿನಲ್ಲೂ ನಾಲ್ಕು ತಿಂಗಳ ಕೂಸಿತ್ತು. ಅದು ರಾತ್ರಿಯಿಡೀ ಅತ್ತಿದ್ದರಿಂದ ಅವನ ಕಣ್ಣು ಉರಿಯುತ್ತಿದ್ದವು.

"ಸಂಶಯ ಯಾರ ಮ್ಯಾಲೆ?"

"ಪಕೀರಪ್ಪನ ಮ್ಯಾಲೆ. ಬರೀ ಎರಡ ದನ ಅದಾವಂತ ಆತನ ಗ್ಯಾಸಿನ ಅರ್ಜಿ ವಾಪಸ್ ಕಳಿಸಿದ್ರು, ನನಗ ಕೊಟ್ರು. ಅವತ್ತಿನಿಂದ ನನ್ನ ಮಾರಿ ನೋಡವಲ್ಲ."

ಹತ್ತೂವರೆಗೆ ಜೀಪು ಕರೇದಿನ್ನಿ ಮುಟ್ಟಿದಾಗ ಊರು ಹಬ್ಬದ ಮರುದಿನದಂತೆ ಸಪ್ಪಗಿತ್ತು. ಹೆಂಗಸರು ಓಣಿಯಲ್ಲೇ ಮೂರು ಕಲ್ಲು ಹೂಡಿ ರೊಟ್ಟಿ ಬಡಿಯುತ್ತಿದ್ದರು. ಒಳಗೆ ಒಲೆ ಹಚ್ಚುವ ಧೈರ್ಯ ಹೆಚ್ಚಿನವರಿಗೆ ಇರಲಿಲ್ಲ. ಗ್ಯಾಸು ಇಲ್ಲದ ಮನೆಯವರಿಗೂ ಅದೇ ಅಂಜಿಕೆ.

"ಸೆಗಣ್ಯಾಗ ಗಾಳಿ ತುಂಬಿದ್ರ ಇದ ಆಗೂದು," ಎಂದ ಕಟ್ಟೆಯ ಮೇಲಿದ್ದ ಮುದುಕಪ್ಪ. "ಗಾಳಿ ನನ್ನ ಹೊಟ್ಟ್ಯಾಗೂ ತುಂಬತೈತಿ, ಸಾಹೇಬ್ರ. ಪುಣ್ಯಾಕ ಇನ್ನಾ ಹತ್ಕೊಂಡಿಲ್ಲ."

ಯಾರೂ ನಗಲಿಲ್ಲ. ಅವನನ್ನೂ ಸೂಗಪ್ಪನೆಂಬ ರೈತನನ್ನೂ ಪಂಚರನ್ನಾಗಿ ಮಾಡಿಕೊಂಡು ಪಂಚನಾಮೆ ಶುರುವಾಯಿತು. ಅಂಗಳದ ಗ್ಯಾಸ್ ಗುಂಡಿಯಿಂದ ಅಡುಗೆಮನೆಗೆ ಹೋಗುವ ಕರಿ ಪೈಪು ದನದ ಮನೆಯೊಳಗೆ ಹಾದಿತ್ತು. ಎದೆಮಟ್ಟದಲ್ಲಿ ಒಂದೇ ಏಟಿಗೆ ಕೊಯ್ದದ್ದು. ಕುಡುಗೋಲಿನ ಕಚ್ಚು.

ಪಕೀರಪ್ಪನನ್ನು ಕರೆಸಿದರು.

"ನಸುಕಿನ್ಯಾಗ ಎಲ್ಲಿದ್ದಿ?"

"ಸಿಂಧನೂರಾಗ. ಹತ್ತಿ ಮಾರಾಕ ಬಂಡಿ ಸಾಲಿಗೆ ಹಚ್ಚಿದ್ದೆ."

"ನೋಡಿದವರು?"

"ಸೂಗಪ್ಪನ್ನ ಕೇಳ್ರಿ. ನನ್ನ ಹಿಂದಿನ ಬಂಡಿ ಆತಂದ."

ಸೂಗಪ್ಪ ತಲೆಯಾಡಿಸಿದ. "ಖರೇ ಐತ್ರಿ. ಇಬ್ರೂ ಕೂಡೇ ಬಂದೀವಿ, ಈಗೊಂದು ತಾಸಾತು."

"ಗ್ಯಾಸ್ ಕೊಡಲಿಲ್ಲಂತ ಸಿಟ್ಟು ಐತ್ರಿ," ಎಂದ ಪಕೀರಪ್ಪ. "ಆದ್ರ ಬಸುರಿ ಹೆಣ್ಮಗಳನ್ನ ಸುಡೂವಷ್ಟು ಅಲ್ಲ."

ಕನಕರಾಯ ಬರೆಯುವುದನ್ನು ನಿಲ್ಲಿಸಿದ. ಆ ಹೊತ್ತಿಗೆ ಅಂಗಳದ ಮೂಲೆಯಿಂದ ಹಿರಿಯ ಪೇದೆ ಬುಡ್ಡೇಸಾಬ್ ಕರೆದ.

"ಸಾಬ್, ಇಲ್ನೋಡ್ರಿ."

ಸೆಗಣಿ ಗುಂಪಿಯ ನೆತ್ತಿಗೆ ಎರಡು ಜಾಲಿ ಕಡ್ಡಿ ಅಡ್ಡಡ್ಡ ಚುಚ್ಚಿದ್ದರು.

"ಏನಿದು?"

"ಗುರ್ತ್ರಿ. ಒಲಿಗೆ ಕುಳ್ಳು ಬಡಿಯೋರು ಸೆಗಣಿ ಕಂಡಕೂಡ್ಲೇ ಕಡ್ಡಿ ಚುಚ್ಚಿ ಮುಂದ ಹೋಗ್ತಾರ. ಕಡ್ಡಿ ಇದ್ರ ಮತ್ತೊಬ್ರು ಮುಟ್ಟಂಗಿಲ್ಲ. ನಮ್ಮವ್ವನೂ ಹಿಂಗ ಮಾಡ್ತಿದ್ಲು."

"ಅದಕ್ಕೇನೀಗ?"

"ಗ್ಯಾಸ್ ಬಂದ ಮ್ಯಾಲೆ ಈ ಮನಿ ಸೆಗಣಿ ಗುಂಡಿಗೆ ಹೋಗತೈತಿ ಸಾಬ್. ಇದರ ಮ್ಯಾಲೆ ಹಕ್ಕು ಹಾಕೋರು ಯಾರು? ಸೆಗಣಿ ಹಸಿ ಇದ್ದಾಗ ಕಡ್ಡಿ ಚುಚ್ಯಾರ, ಸುತ್ತ ಹೆಪ್ಪುಗಟ್ಟೈತಿ. ಅಂದ್ರ ಪೈಪು ಹರದದ್ದು ಊರಿಗೆ ತಿಳಿಯೂದಕ್ಕಿಂತ ಮೊದ್ಲ. ಆಗ ಅದು ಕೊಯ್ದವರಿಗಷ್ಟ ಗೊತ್ತು."

ಕನಕರಾಯ ಗದ್ದೆಪ್ಪನತ್ತ ತಿರುಗಿದ. "ನಸುಕಿನ್ಯಾಗ ಯಾರು ಬಂದಿದ್ರು?"

"ಯಾರೂ ಇಲ್ರಿ."

"ದನದ ಮನಿ ಕಸ ಯಾರು ಹೊಡದ್ರು?"

"ಬಸ್ಸಮ್ಮ. ದಿನಾ ಬರತಾಳ, ಐದಕ್ಕ. ಆಕಿ ಏನ್ ಲೆಕ್ಕರೀ?"

"ಮತ್ಯಾರ ಮನ್ಯಾಗ ಕಸ ಹೊಡಿತಾಳ?"

"ಮಗ್ಗಲದಾಗ, ಆದೆಪ್ಪನ ಮನ್ಯಾಗ. ಅವರ್ದೂ ಗ್ಯಾಸ್ ಐತಿ. ಮಧ್ಯಾಹ್ನ ಅಡಿಗಿಗೆ ಅಷ್ಟ ವಾಲು ತಿರುವಿ ಗ್ಯಾಸ್ ಬಿಡ್ತಾರ."

ಗಡಿಯಾರದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷ. ಕನಕರಾಯ ಮೋಟುಗೋಡೆ ಹಾರಿದ.

ಆದೆಪ್ಪನ ಅಂಗಳದ ಸೆಗಣಿ ಗುಂಪಿಯ ಮೇಲೂ ಎರಡು ಕಡ್ಡಿ ಅಡ್ಡಡ್ಡ ಇದ್ದವು. ಆದೆಪ್ಪನ ಹೆಂಡತಿ ಆದೆಮ್ಮ ಗುಂಡಿಯ ಕಡೆಯಿಂದ ಸೆರಗಿಗೆ ಕೈ ಒರೆಸುತ್ತ ಬರುತ್ತಿದ್ದಳು.

"ವಾಲು ತಿರುವೀರೇನು?"

"ಈಗರ ತಿರುವಿ ಬಂದೆ, ಬಾಣಂತಿಗೆ ಬಿಸಿದು ಬೇಕಲ್ರಿ. ಯಾಕ್ರಿ?"

"ಬುಡ್ಡೇಸಾಬ್! ವಾಲು ಮುಚ್ಚು!" ಕನಕರಾಯ ಕೂಗಿದ. "ತಾಯೀ, ಒಳಗ ಬೆಂಕಿ ಎಲ್ಲೈತಿ?"

ಆದೆಮ್ಮ ದನದ ಮನೆಯತ್ತ ತಿರುಗಿದಳು. ಕೈ ಎತ್ತಿ ತೋರಿಸಿದಳು. ದನದ ಮನೆಯಲ್ಲೇ ಒಂದು ಮಗ್ಗಲಿಗೆ ತಟ್ಟಿ ಕಟ್ಟಿ ಬಾಣಂತಿಗೆ ಕೋಣೆ ಮಾಡಿದ್ದರು. ಮಗಳು ಕರೆಮ್ಮ, ಒಂಬತ್ತು ದಿನದ ಕೂಸು, ಮಂಚದ ಕೆಳಗೆ ಕೆಂಡ ತುಂಬಿದ ಅಗ್ಗಿಷ್ಟಿಕೆ.

ಒಳಗೆ ಕೊಳೆತ ತತ್ತಿಯ ವಾಸನೆ ಆಗಲೇ ಹಬ್ಬಿತ್ತು. ತಟ್ಟಿಯ ಆಚೆ ಎಲ್ಲಿಂದಲೋ ಸುಯ್ಯೆನ್ನುವ ಸಣ್ಣ ಸದ್ದು ಬರುತ್ತಿತ್ತು. ಕನಕರಾಯನ ಕಾಲು ಒಂದು ಕ್ಷಣ ಹೊಸ್ತಿಲಲ್ಲೇ ನಿಂತುಬಿಟ್ಟಿತು. ಆ ಒಂದು ಕ್ಷಣ ಅವನಿಗೆ ಬದುಕಿಡೀ ನೆನಪಿರಲಿತ್ತು. ಆಮೇಲೆ ಒಳಗೆ ನುಗ್ಗಿ ಕೂಸನ್ನು ಎದೆಗವಚಿಕೊಂಡ, ಕರೆಮ್ಮನ ರಟ್ಟೆ ಹಿಡಿದೆಳೆದ.

"ಕುಲಾಯಿ, ಕೂಸಿನ ಕುಲಾಯಿ ಬಿತ್ರೀ!"

"ಬೀಳ್ಲಿ, ನಡಿ!"

ಮೂವರೂ ಬಯಲಿಗೆ ಬಂದರು. ಸದ್ದು ನಿಂತಿತು; ಬುಡ್ಡೇಸಾಬ್ ವಾಲು ಮುಚ್ಚಿದ್ದ. ಏನೂ ಹೊತ್ತಿಕೊಳ್ಳಲಿಲ್ಲ. ಆದರೂ ಕಾಲು ತಾಸಿನ ತನಕ ಆ ಬಾಗಿಲ ಹತ್ತಿರ ಯಾರೂ ಸುಳಿಯಲಿಲ್ಲ. ಕನಕರಾಯ ಕೂಸನ್ನು ಅಜ್ಜಿಯ ಕೈಗೆ ಕೊಟ್ಟ.

ಹನ್ನೆರಡು ನಲವತ್ತಕ್ಕೆ ಬಸ್ಸಮ್ಮ ತನ್ನ ಗುಡಿಸಲಲ್ಲಿ ಸಿಕ್ಕಳು. ಅರವತ್ತರ ಹತ್ತಿರದ ವಯಸ್ಸು. ಕುಡುಗೋಲನ್ನು ತಾನೇ ತಂದು ಮುಂದಿಟ್ಟಳು.

"ಆದೆಪ್ಪನ ಮನಿಯಾಗ ಕೂಸೈತಿ ಅಂತ ಗೊತ್ತಿರಲಿಲ್ಲೇನು?"

"ಅದರ ಹೊಕ್ಕುಳಬಳ್ಳಿ ಕೊಯ್ದಾಕಿನ ನಾನ್ರಿ."

"ಅಮರಮ್ಮ ಸುಟ್ಕೊಂಡದ್ದು ಕೇಳಿದ ಮ್ಯಾಲೂ ಸುಮ್ಮ ಕುಂತೆಲ್ಲ?"

"ಹೇಳಾಕ ಎರಡ ಸರ್ತಿ ಬಂದೆ. ಓಣ್ಯಾಗ ನಿಮ್ಮ ಜೀಪು ನಿಂತಿತ್ತು. ಕಾಲು ಮುಂದ ಹೋಗಲಿಲ್ಲ, ಯಪ್ಪಾ."

ನೆರೆಮನೆಯ ರಮಜಾನಬಿಯನ್ನು ಜೊತೆಗೆ ಕರೆದುಕೊಂಡು ಅವಳನ್ನು ಠಾಣೆಗೆ ತಂದರು. ನಾಲ್ಕು ಗಂಟೆಗೆ ಹೇಳಿಕೆ ಬರೆಸಲಾಯಿತು. ಇಪ್ಪತ್ತೆರಡು ವರ್ಷ ಅವೆರಡು ಮನೆಯ ಕಸ ಹೊಡೆದದ್ದಕ್ಕೆ ಸೆಗಣಿಯೇ ಅವಳ ಕೂಲಿ. ಅರ್ಧ ಒಲೆಗೆ, ಇನ್ನರ್ಧ ಕುಳ್ಳು ಬಡಿದು ಮಾರಲಿಕ್ಕೆ. ಗ್ಯಾಸು ಬಂದ ಮೇಲೆ ಕಸ ಹೊಡೆಯುವ ಕೆಲಸ ಅವಳಿಗೇ ಉಳಿಯಿತು. ಸೆಗಣಿಯನ್ನು ಮಾತ್ರ ಅವಳ ಕೈಯಿಂದಲೇ ಕಲಸಿ ಗುಂಡಿಗೆ ಹಾಕಿಸಿದರು. ಬದಲಿಗೆ ದಿನಕ್ಕೆರಡು ರೊಟ್ಟಿ. ಕಾಲುವೆ ದಂಡೆಯ ಜಾಲಿ ಕಡಿಯಲು ಹೋದರೆ ಕಾವಲುಗಾರ ಕೊಡಲಿ ಕಸಿದುಕೊಂಡಿದ್ದ. ಪೈಪು ಹರಿದರೆ ಸೆಗಣಿ ಮತ್ತೆ ತನ್ನದಾಗುತ್ತದೆ ಎಂಬುದೊಂದೇ ಅವಳ ಎಣಿಕೆ.

"ಬೆಂಕಿ ಹತ್ತತೈತಿ ಅಂತ ತಿಳಿಲಿಲ್ಲೇನವ್ವ?" ಕನಕರಾಯ ಕೇಳಿದ.

"ಹಸಿ ಸೆಗಣಿ ಎಲ್ಲೆರ ಉರಿತೈತೇನ್ರಿ? ಒಲಿ ಹತ್ತತೈತಿ ಅಂತಿದ್ರು. ಒಂದಿನಾನೂ ನಾ ನೋಡಿಲ್ಲ. ಅಡಿಗಿಮನಿ ಹೊಸ್ತಿಲ ನಮ್ಮನ್ನ ದಾಟಿಸಂಗಿಲ್ಲಲ್ರಿ."

ಬರೆಯುತ್ತಿದ್ದ ಬುಡ್ಡೇಸಾಬ್ ಪೆನ್ನು ಎತ್ತಿ, "ಇದನ್ನೂ ಬರಿಯೂದೇನ್ ಸಾಬ್?" ಎಂದ.

"ಬರಿ," ಎಂದ ಕನಕರಾಯ. "ಆಕಿ ಅಂದಂಗ ಬರಿ."