ಅಕ್ಕ ನೀರು ಕುಡಿದ ಜಾಗ

ದೇವರ ಮೇಲೆ ಭಾರ ಹಾಕಿ, ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ಮರುದಿನ ಅಕ್ಕನ ಗಂಟಲಿಗೆ ಆಪರೇಷನ್. ಆಮೇಲೆ ಹಾಡಲು ದನಿ ಉಳಿಯುತ್ತದೆಂಬ ಭರವಸೆ ಇರಲಿಲ್ಲ. ಒಂದು ಹಾಡನ್ನಾದರೂ ರೆಕಾರ್ಡ್ ಮಾಡೋಣವೆಂದರೆ, ನನ್ನ ಹಳೇ ಕಂಪ್ಯೂಟರ್ ಎರಡು ಸಾಲಿಗೇ ಏದುಸಿರು ಬಿಡುತ್ತಿತ್ತು.

“ಹೊಸದ್ಯಾಕಮ್ಮ? ಎಸ್‌ಎಸ್‌ಡಿ ಹಾಕ್ತೀನಿ, ಸೆಕೆಂಡ್ ಹ್ಯಾಂಡ್ ರ‍್ಯಾಮ್ ಸಾಕು,” ಎಂದ ಮನೆಗೆ ಕರೆಸಿದ್ದ ರಿಪೇರಿಯವನು.

“ನನ್ನ ಗಂಟಲೂ ಬಿಚ್ಚಿ ನೋಡಪ್ಪ, ಅಗ್ಗದಲ್ಲಿ ಮುಗೀಲಿ!” ಎಂದಳು ಅಕ್ಕ.

ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರ್ ಎಳೆಗರುವಿನಂತೆ ಚುರುಕಾಯಿತು. ಅಕ್ಕ ಮೈಕಿನ ಮುಂದೆ ಕೂತು ದೇವರ ಪದ ಹಾಡಿದಳು. ನಡುವೆ ಗಂಟಲು ಒಣಗಿ, ಹಾಡು ನಿಲ್ಲಿಸಿ ನೀರು ಕುಡಿದು, ಮತ್ತೆ ಮುಂದುವರಿಸಿದಳು. ಆಗ ಕೋಣೆ ಯಾಕೋ ತಣ್ಣಗಾಯಿತು.

ನೀರು ಕುಡಿದ ಜಾಗವನ್ನು ಕತ್ತರಿಸಲೆಂದು ರೆಕಾರ್ಡಿಂಗ್ ಹಾಕಿ ಕೇಳಿದೆವು. ಲೋಟ ಎತ್ತಿದ ಸದ್ದಿತ್ತು, ಗುಟುಕಿನ ಸದ್ದೂ ಇತ್ತು. ಅದರ ಜೊತೆಗೇ ಅಕ್ಕ ನಿಲ್ಲಿಸದೆ ಹಾಡುತ್ತಿದ್ದಳು, ದನಿ ಮಾತ್ರ ಕೊಂಚ ದಪ್ಪ.

“ಕುಡಿದೋಳು ನಾನು, ಹಾಡಿದೋಳು ಯಾರೇ?” ಅಕ್ಕ ನಕ್ಕಳು.

ರಿಪೇರಿಯವನು ಕೈಮುಗಿದ. “ಅಮ್ಮಾ, ಅದನ್ನ ನಾನು ಹಾಕಿಲ್ಲ!”

ಆಪರೇಷನ್ ಆಗಿ ತಿಂಗಳಾದ ಮೇಲೆ ಅಕ್ಕ ಮತ್ತೆ ಬಾಯಿ ತೆರೆದು ಹಾಡಿದಳು. ಈಗಲೂ ದಿನಾ ಹಾಡುತ್ತಾಳೆ. ದನಿ ಕೊಂಚ ದಪ್ಪವಾಗಿದೆ. ಅವತ್ತಿನ ರೆಕಾರ್ಡಿಂಗ್‌ನಲ್ಲಿ ನೀರು ಕುಡಿದ ಜಾಗದಲ್ಲಿರುವುದು ಈ ದನಿಯೇ.