ಎಡಮಗ್ಗುಲ ಸೈಲೆನ್ಸರ್

2025ರ ಏಪ್ರಿಲ್ 9, ಬುಧವಾರ, ಮಧ್ಯಾಹ್ನ 1 ಗಂಟೆ 20 ನಿಮಿಷ. ಮದ್ದೂರು ಠಾಣೆಯ ಮೆಟ್ಟಿಲು ಹತ್ತುವಾಗಲೇ ಬೆಳಕವಾಡಿಯ ಶಿವರಾಜು ಕೂಗಾಡುತ್ತಿದ್ದ. "ನಮ್ಮಕ್ಕನ್ನ ಸಾಯ್ಸವ್ನೆ! ಅವಳ ಗಂಡ ನಾಗರಾಜುನ್ನ ಮೊದ್ಲು ಒಳಗಾಕಿ!"

ಊಟದ ಡಬ್ಬಿ ಬಿಚ್ಚುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಚಿಕ್ಕಮಾದು ಅದನ್ನು ಹಾಗೇ ಮುಚ್ಚಿಟ್ಟ. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ನೆಮ್ಮದಿಯಾಗಿ ಮುದ್ದೆ ಉಂಡ ಮಧ್ಯಾಹ್ನಗಳನ್ನು ಬೆರಳಲ್ಲಿ ಎಣಿಸಬಹುದು. ಇರಲಿ.

ಶಿವರಾಜುವಿನ ಅಕ್ಕ ಶಿವನಂಜಮ್ಮ ತಾಲ್ಲೂಕು ಕಚೇರಿ ಎದುರು ಗಂಡನ ಕಾರಿನಲ್ಲೇ ಸತ್ತಿದ್ದಳು. ನಾಗರಾಜು ಹೇಳಿದ್ದು ಇಷ್ಟು: ಪಹಣಿ ಕೆಲಸಕ್ಕೆ ಒಳಗೆ ಹೋಗಿದ್ದೆ, ಬಿಸಿಲು ಅಂತ ಗಾಜು ಏರಿಸಿ, ಎ.ಸಿ. ಹಾಕಿ ಅವಳನ್ನು ಕೂರಿಸಿದ್ದೆ, ಒಂದೂವರೆ ಗಂಟೆ ಬಿಟ್ಟು ಬಂದರೆ ಮಾತಿಲ್ಲ. ಇನ್ಸ್‌ಪೆಕ್ಟರ್ ವೀಣ ಎಫ್‌ಐಆರ್ ದಾಖಲಿಸಿ ಕಾರನ್ನು ಜಪ್ತಿ ಮಾಡಿದರು. ಶವ ಮಂಡ್ಯದ ಆಸ್ಪತ್ರೆಗೆ ಹೋಯಿತು.

ಗುರುವಾರ ಬೆಳಿಗ್ಗೆ 9.30ಕ್ಕೆ ಡಾಕ್ಟರ ಫೋನು ಬಂತು. ಮೈಮೇಲೆ ಪೆಟ್ಟಿಲ್ಲ, ರಕ್ತದಲ್ಲಿ ಹೊಗೆಯ ವಿಷ.

"ನೋಡಿದ್ರಾ!" ಎಂದ ಶಿವರಾಜು. "ಮನೇಲಿ ಇದ್ದಿಲು ಹೊಗೆ ಹಾಕಿ ಸಾಯ್ಸಿ, ತಂದು ಕಾರಲ್ಲಿ ಕೂರ್ಸವ್ನೆ."

ವೀಣ ನಾಗರಾಜುವಿನ ಕಡೆ ತಿರುಗಿದರು. "ಕಾರಿನೊಳಗೆ ಹೊಗೆ ಬರ್ತಿತ್ತಾ?"

"ಇಲ್ಲ ಮೇಡಂ. ಯುಗಾದಿ ಹಿಂದಿನ ದಿನ ಹೊಗೆ ಟೆಸ್ಟ್ ಮಾಡ್ಸಿವ್ನಿ. ಪಾಸಾಗೈತೆ. ಚೀಟಿ ಐತೆ."

ಚೀಟಿಯ ಪ್ರಕಾರ ಕಾರು ಹಾಲಿನಷ್ಟು ಶುದ್ಧ. ಅಯ್ಯೋ ಮಂಕೆ, ನಿನ್ನ ಕುತ್ತಿಗೆಗೆ ನೀನೇ ಹಗ್ಗ ಹಾಕ್ಕೊತಿದ್ದೀಯಲ್ಲೋ ಅಂದುಕೊಂಡ ಚಿಕ್ಕಮಾದು. ಹೊಗೆ ಕಾರಿನದಲ್ಲ ಅಂದರೆ ಮತ್ತೆಲ್ಲಿಯದು? ಸಂಜೆಯೊಳಗೆ ಬೇರೆ ಕಾರಣ ಸಿಗದಿದ್ದರೆ ಇವನ ಮೇಲೆ ಕೊಲೆ ಕೇಸು ಗ್ಯಾರಂಟಿ.

11 ಗಂಟೆಗೆ ಪಂಚರ ಎದುರು ಕಾರಿನ ಮಹಜರು ನಡೆಯಿತು. ಮಂಡಿ ನೋವಿಗೆ ಶಾಪ ಹಾಕುತ್ತ ಚಿಕ್ಕಮಾದು ನೆಲಕ್ಕೆ ಮಲಗಿ ನೋಡಿದ. ಹಿಂದುಗಡೆ ಸೈಲೆನ್ಸರ್ ಕೊಳವೆಯೇ ಇಲ್ಲ! ಅದು ಎಡಗಡೆಯ ಹಿಂಬಾಗಿಲ ಕೆಳಗೇ ಮುಗಿದಿತ್ತು. ಬೆಸುಗೆ ಬಿರುಕು ಬಿಟ್ಟಿತ್ತು, ಅದರ ಮೇಲೆ ಕಾರಿನ ನೆಲದ ತಗಡು ತುಕ್ಕು ಹಿಡಿದು ತೂತಾಗಿತ್ತು, ಹೊಗೆ ನೇರ ಒಳಕ್ಕೆ.

"ಯಾರ್ಲಾ ಇಂಗೆ ಮಾಡಿದ್ದು?"

"ಮಳವಳ್ಳಿ ಅಕ್ರಂ ಪಾಷಾ ಅವ್ರು. ನಾನೇ ಮಾಡ್ಸಿದ್ದು ಸಾ, ಸೌಂಡು ಗತ್ತಾಗಿರ್ಲಿ ಅಂತ." ನಾಗರಾಜು ತಲೆ ತಗ್ಗಿಸಿದ.

12.40ಕ್ಕೆ ಜೀಪು ಮಳವಳ್ಳಿಯ ಗ್ಯಾರೇಜಿನ ಮುಂದಿತ್ತು. ಅಕ್ರಂ ಪಾಷಾ ಏನನ್ನೂ ಮುಚ್ಚಿಡಲಿಲ್ಲ. "ಹೊಗೆ ಸೋಸೋ ಡಬ್ಬಿ ತೆಗೆಸಬೇಡ ಅಂದೆ, ಕೇಳಲಿಲ್ಲ. ಟೆಸ್ಟ್ ಮಾಡಿಸೋವರೆಗೂ ಗಾಜು ಏರಿಸಬೇಡ, ಫೇಲಾದ್ರೆ ವಾಪಸ್ ತಾ ಅಂದಿದ್ದೆ. ಪಾಸಾಯ್ತು ಅಂತ ಫೋನ್ ಮಾಡಿದ. ನಂಗೇ ಆಶ್ಚರ್ಯ ಸಾರ್." ವೀಣ ಅವನಿಗೂ ಒಂದು ನೋಟಿಸು ಕೊಟ್ಟರು.

ವಾಪಸು ಬರುವಾಗ ಚಿಕ್ಕಮಾದು ಚೀಟಿಯಲ್ಲಿದ್ದ ಫೋಟೊವನ್ನು ಮೊಬೈಲಿನಲ್ಲಿ ಹಿಗ್ಗಿಸಿ ನೋಡಿದ. ನಾಗರಾಜುವಿನ ಕಾರಿನ ಹಿಂಭಾಗ, ನಂಬರ್ ಪ್ಲೇಟು, ನೆಲದ ಮೇಲೆ ಹೊಗೆ ಅಳೆಯುವ ಕರಿ ಪೈಪು. ಪೈಪು ಕಾರಿನ ಬಲಕ್ಕೆ ಹೋಗಿತ್ತು. ಅಂಚಿನಲ್ಲಿ ಯಾವುದೋ ಸ್ಕೂಟರಿನ ಚಕ್ರ ಅರ್ಧ ಕಾಣುತ್ತಿತ್ತು.

"ಮೇಡಂ, ಇಲ್ಲಿ ನೋಡಿ. ಇವನ ಕಾರು ಹೊಗೆ ಬಿಡೋದು ಎಡಗಡೆ."

3.10ಕ್ಕೆ ಮದ್ದೂರಿನ ಹೊಗೆ ತಪಾಸಣೆ ಕೇಂದ್ರ. ಅಲ್ಲಿ ಟೆಸ್ಟ್ ಮಾಡುವ ಹುಡುಗಿ ದೀಪಿಕ ಒಬ್ಬಳೇ ಇದ್ದಳು, ಪೊಲೀಸರನ್ನು ಕಂಡು ಎದ್ದು ನಿಂತಳು. ರಾತ್ರಿ ನಿದ್ದೆ ಮಾಡಿದ ಕಣ್ಣಲ್ಲ ಅವು.

ವೀಣ ಫೋಟೊ ಮುಂದಿಟ್ಟರು. "ಪೈಪು ಯಾವ ಕಡೆ ಹೋಗಿದೆ?"

"ಬಲಗಡೆ."

"ಅಲ್ಲೇನಿತ್ತು?"

"ನನ್ನ ಸ್ಕೂಟರ್. ಅದ್ರ ಹೊಗೆನೇ ಅಳೆದೆ."

"ಎಷ್ಟು ದುಡ್ಡು ತಗೊಂಡೆ?"

"ಅಯ್ಯೋ, ಇಲ್ಲ ಮೇಡಂ. ಫೇಲಾಗಿದ್ದು ಅವ್ರಿಗೇ ಗೊತ್ತಿಲ್ಲ. ಅವ್ರು ಟೀ ಕುಡಿಯಕ್ಕೆ ಹೋಗಿದ್ರು."

"ಮತ್ಯಾಕಮ್ಮ?" ಚಿಕ್ಕಮಾದು ತಡೆಯಲಾರದೆ ಕೇಳಿದ.

"ನಮ್ಮವ್ವಂಗೆ ಡಯಾಲಿಸಿಸ್ಸು, ಮಂಗಳವಾರ, ಶುಕ್ರವಾರ. ನಾಗರಾಜಣ್ಣ ಮಂಡ್ಯಕ್ಕೆ ಕೆಲಸಕ್ಕೆ ಹೋಗುವಾಗ ಕಾರಲ್ಲಿ ಕರ್ಕೊಂಡೋಗ್ತಾರೆ, ಒಂದು ರೂಪಾಯಿ ಮುಟ್ಟಲ್ಲ. ಫೇಲು ಅಂದ್ರೆ ಗಾಡಿನ ಗ್ಯಾರೇಜಿಗೆ ಬಿಡ್ತಿದ್ರು. ಅವ್ವ ಬಸ್ಸಲ್ಲಿ ನಿಲ್ಲಾರಳು. ಹೊಗೆ ತಾನೆ, ಆಚೆ ಹೋಗ್ತದೆ ಅಂದ್ಕೊಂಡೆ ಸಾರ್."

ಸುಳ್ಳು ದಾಖಲೆ ಸೃಷ್ಟಿ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣ. 3.50ಕ್ಕೆ ದೀಪಿಕಳ ದಸ್ತಗಿರಿಯಾಯಿತು.

ಠಾಣೆಯಲ್ಲಿ ವಿಷಯ ತಿಳಿದಾಗ ನಾಗರಾಜುವಿಗೆ ತಾನು ಉಳಿದೆ ಅನ್ನುವುದೇ ಹೊಳೆಯಲಿಲ್ಲ. "ಫೇಲು ಅಂತ ಒಂದ್ ಮಾತು ಯೋಳಿದ್ರೆ ನನ್ನ ಶಿವನಂಜಿನ ಬಸ್ಸಲ್ಲೇ ಕರ್ಕಬತ್ತಿದ್ನಲ್ಲ," ಎಂದು ಗೋಡೆಗೆ ಹಣೆ ಕೊಟ್ಟು ಅತ್ತ. ಶಿವರಾಜು ಹೋಗಿ ಭಾವನ ಪಕ್ಕದಲ್ಲಿ ಕೂತ.

ದಸ್ತಗಿರಿಯ ತಿಳಿವಳಿಕೆ ಪತ್ರ ಕೊಡಲು ದೀಪಿಕಳ ಮನೆಗೆ ಹೋದವನು ಚಿಕ್ಕಮಾದು. ತಾಯಿ ಅಂಕಮ್ಮ ಅಳಲಿಲ್ಲ, ಬಯ್ಯಲಿಲ್ಲ. ಹೆಬ್ಬೆಟ್ಟು ಒತ್ತಿ, "ನಾಳೆ ಸುಕ್ರವಾರ ಕಣಪ್ಪ," ಎಂದಳು.

"ನಾನ್ ಬತ್ತೀನಿ ಬುಡವ್ವ."

ಶುಕ್ರವಾರ ಬೆಳಿಗ್ಗೆ 6.15ರ ಮಂಡ್ಯ ಬಸ್ಸು. ಕಂಡಕ್ಟರಿಗೆ ಹೇಳಿ ಅಂಕಮ್ಮನಿಗೆ ಕಿಟಕಿ ಪಕ್ಕದ ಸೀಟು ಕೊಡಿಸಿ ಚಿಕ್ಕಮಾದು ಪಕ್ಕದಲ್ಲಿ ಕೂತ.

"ಆ ಕಾರಲ್ಲಿ ಕೂತ್ರೆ ತಲೆ ಸಿಡಿಯೋದು ಕಣಪ್ಪ," ಎಂದಳು ಅಂಕಮ್ಮ ಇದ್ದಕ್ಕಿದ್ದಂತೆ. "ಯುಗಾದಿ ಆದಾಗ್ಲಿಂದ. ವಾಂತಿ ಬಂದಂಗಾಗೋದು. ಕಾಯ್ಲೆದೇ ಇರ್ಬೇಕು, ಯೋಳಿದ್ರೆ ಮಗ್ಳು ಎದ್ರಿಕೊತ್ತಾಳೆ ಅಂತ ಬಾಯ್ಬುಡ್ನಿಲ್ಲ."

ಚಿಕ್ಕಮಾದು ಎದ್ದು, ಬಿಗಿದುಕೊಂಡಿದ್ದ ಕಿಟಕಿಯ ಗಾಜನ್ನು ಎರಡೂ ಕೈಯಲ್ಲಿ ತಳ್ಳಿ ಪೂರ್ತಿ ತೆರೆದ.