ಹಲಗೆಯ ಮೇಲಿನ ಮೊದಲ ಹೆಸರು

"ಮಿಸ್ಟರ್ ಬೀಸ್ಲಿ, ನಿಮ್ಮ ಎರಡು ನಿಮಿಷ ಶುರು," ಎಂದಳು ವರ್ನೀಟಾ.

ಥರ್ಮನ್ ಬೀಸ್ಲಿಗೆ ಎರಡು ನಿಮಿಷ ಬೇಕಾಗಲಿಲ್ಲ. ಗೋಡೆಗೆ ಹಾಕಿದ್ದ ಬಿಳಿ ಹಲಗೆಯ ಮುಂದೆ ಬಂದು ನಿಂತ. ಟೋಪಿ ತೆಗೆದ. ಒಂದು ಗಳಿಗೆ ಅವಳ ಮುಖ ನೋಡಿ, ಥಟ್ಟನೆ ಕಣ್ಣು ಕೆಳಗಿಳಿಸಿದ.

"ಲೇಕ್‌ಸೈಡ್ ಡಿಪೋ. ನಲವತ್ತೊಂದನೇ ರೂಟು, ಬೆಳಗಿನ ಪಾಳಿ."

ಊಟದ ಕೋಣೆಯಲ್ಲಿ ಕೂತಿದ್ದ ಎಂಬತ್ತು ಜನ ಡ್ರೈವರುಗಳ ಕಣ್ಣು ಅವಳ ಮೇಲೆ ಬಿತ್ತು. ವರ್ನೀಟಾ ಹಲಗೆಯ ಕಡೆ ತಿರುಗಿದಳು. ಅವನ ಹೆಸರನ್ನು, ಅದರ ಮುಂದೆ ಇನ್ನೊಂದು ಡಿಪೋದ ಹೆಸರನ್ನು, ಎಂದಿನ ದುಂಡು ಅಕ್ಷರದಲ್ಲಿ ಬರೆದಳು. ಬೆನ್ನು ತಿರುಗಿಸಿಕೊಂಡಿದ್ದು ಒಳ್ಳೆಯದೇ ಆಯಿತು ಅನ್ನಿಸಿತು ಅವಳಿಗೆ.

ಅಮೆರಿಕದಲ್ಲಿ ಸರೋವರದ ದಂಡೆಯ ಊರಾದ ಕ್ಲೀವ್‌ಲ್ಯಾಂಡಿನ ಆ ಬಸ್ ಡಿಪೋದಲ್ಲಿ ಮಾರ್ಚ್ ತಿಂಗಳ ಈ ಒಂದು ದಿನಕ್ಕೆ ಎಲ್ಲರೂ ವರ್ಷವಿಡೀ ಕಾಯುತ್ತಾರೆ. ಹೆಚ್ಚು ವರ್ಷ ದುಡಿದವರು ಮೊದಲು ಬಂದು ತಮಗೆ ಬೇಕಾದ ರೂಟು ಆರಿಸುತ್ತಾರೆ, ಬೇಕಿದ್ದರೆ ಡಿಪೋವನ್ನೇ ಬದಲಿಸುತ್ತಾರೆ. ಹಲಗೆಗೆ ಬಿದ್ದದ್ದನ್ನು ಅಳಿಸುವಂತಿಲ್ಲ. ಯಾರಾದರೂ ಡಿಪೋ ಬಿಟ್ಟರೆ ಅದು 'ನೀವು ಬೇಡ' ಎಂದು ಮುಖ್ಯಸ್ಥರ ಮುಖದ ಮೇಲೇ ಹೇಳಿದ ಹಾಗೆ. ಹಿಂದಿದ್ದ ಮುಖ್ಯಸ್ಥನನ್ನು ಹದಿನಾಲ್ಕು ಜನ ಬಿಟ್ಟುಹೋಗಿದ್ದರು. ಅವನು ಹೋದ ಮೇಲೆ ಹನ್ನೊಂದು ತಿಂಗಳಿಂದ ಆ ಕುರ್ಚಿಯಲ್ಲಿ ವರ್ನೀಟಾ ಹೋಲ್ಕಂಬ್, ತಾತ್ಕಾಲಿಕವಾಗಿ. ಕಾಯಂ ಮಾಡುವುದೋ ಬೇಡವೋ ಎಂಬುದನ್ನು ಇವತ್ತಿನ ಹಲಗೆ ನೋಡಿ ಹೇಳುತ್ತೇನೆ ಎಂದು ಡೈರೆಕ್ಟರ್ ಕೆಸ್ಲರ್ ಅವಳೊಬ್ಬಳಿಗೇ ತಿಳಿಸಿದ್ದ.

ಇಪ್ಪತ್ತಾರು ವರ್ಷದ ಸೇವೆಯ ಥರ್ಮನ್‌ನದೇ ಮೊದಲ ಸರದಿ. ಅವನೇ ಹೊರಟರೆ ಹಿಂದಿನವರು ಏನು ಮಾಡುತ್ತಾರೆ?

ಅವಳು ಎರಡನೆಯ ಹೆಸರು ಕೂಗಿದಳು. ದನಿ ನಡುಗಲಿಲ್ಲ. ಅದನ್ನು ಅವಳು ಬಹಳ ಹಿಂದೆಯೇ ಕಲಿತಿದ್ದಳು.

ಇಪ್ಪತ್ತೆಂಟನೇ ವಯಸ್ಸಿನಲ್ಲಿ ಒಂದು ಮೀಟಿಂಗಿನಲ್ಲಿ ಅವಳು ದನಿ ಎತ್ತಿದ್ದಳು, ಒಂದೇ ಒಂದು ಸಲ. ಅವಳಿಗಿಂತ ಜೋರಾಗಿ ಕೂಗಾಡಿದ ಬಿಳಿಯ ಗಂಡಸರ ಫೈಲಿನಲ್ಲಿ ಏನೂ ಇಲ್ಲ. ಕಪ್ಪು ಹೆಂಗಸಾದ ಅವಳ ಫೈಲಿನಲ್ಲಿ ಮಾತ್ರ 'ಬೇಗ ಸಿಟ್ಟಿಗೇಳುತ್ತಾಳೆ' ಎಂದು ಬಿತ್ತು. ಅಂದಿನಿಂದ ಅವಳು ಮಾತು ಕಡಿಮೆ ಮಾಡಿದಳು. ಈಗ ಅದೇ ಫೈಲಿನಲ್ಲಿ 'ಗಟ್ಟಿತನ ಸಾಲದು' ಎಂದಿದೆ. ವರ್ಕ್‌ಶಾಪಿನ ಮುಖ್ಯಸ್ಥೆ ಮಿಗ್ದಾಲಿಯಾ, ಪೋರ್ಟೊರಿಕೊ ಕಡೆಯವಳು, ಬೈದು ನಗಿಸಿ ಮೆಕ್ಯಾನಿಕ್ಕುಗಳಿಂದ ಕೆಲಸ ತೆಗೆಯುವವಳು. ಅವಳ ಫೈಲಿನಲ್ಲಿ 'ಗಾಂಭೀರ್ಯವಿಲ್ಲ'. ಇಬ್ಬರೂ ಮಧ್ಯಾಹ್ನ ಒಟ್ಟಿಗೆ ಊಟಕ್ಕೆ ಕೂತಾಗ ಫೈಲು ಅದಲುಬದಲು ಮಾಡಿಕೊಳ್ಳೋಣ ಎಂದು ನಗುತ್ತಿದ್ದರು.

ಆದರೆ ಕಲಿತ ಮೌನ ವರ್ನೀಟಾಳ ಕೈಯಲ್ಲಿ ಬೇರೆಯೇ ಕೆಲಸಕ್ಕೆ ಬರುತ್ತಿತ್ತು. ತಡವಾಗಿ ಬಂದ ಡ್ರೈವರನ್ನು ಎದುರಿಗೆ ಕೂರಿಸಿಕೊಂಡು ಅವಳು ಏನೂ ಕೇಳುತ್ತಿರಲಿಲ್ಲ. ಕಾಫಿ ಕೊಟ್ಟು ಕಾಯುತ್ತಿದ್ದಳು. ನಾಲ್ಕು ನಿಮಿಷ ದಾಟುವುದರೊಳಗೆ ಅವರೇ ಹೇಳಿಬಿಡುತ್ತಿದ್ದರು: ತಾಯಿಗೆ ಡಯಾಲಿಸಿಸ್, ಮಗಳು ಮನೆ ಬಿಟ್ಟು ಹೋದಳು, ಸಂಜೆ ಹೊತ್ತು ಕಣ್ಣು ಮಂಜಾಗುತ್ತಿದೆ. ಅವಳು ಪಾಳಿ ಬದಲಿಸುತ್ತಿದ್ದಳು. ಕೇಳಿದ್ದನ್ನು ಇನ್ನೊಬ್ಬರ ಕಿವಿಗೆ ಹಾಕುತ್ತಿರಲಿಲ್ಲ.

ಆ ಮೌನಕ್ಕೆ ಬಗ್ಗದವನು ಥರ್ಮನ್ ಒಬ್ಬನೇ. ನಾಲ್ಕು ವರ್ಷದಿಂದ, ಅವಳಿನ್ನೂ ಡ್ಯೂಟಿ ಹಂಚುವವಳಾಗಿದ್ದಾಗಿನಿಂದಲೂ, ಪ್ರತಿ ಬೆಳಿಗ್ಗೆ ಅವಳ ಕಿಟಕಿಗೆ ಬಂದು, ಡ್ಯೂಟಿ ಹಾಳೆ ತೆಗೆದುಕೊಂಡು, ಒಂದೇ ಒಂದು ವಾಕ್ಯ ಹೇಳಿ ಹೋಗುತ್ತಿದ್ದ. "ಮಿಸ್ ವರ್ನೀಟಾ, ಸರೋವರದ ಗಾಳಿಗೆ ಇವತ್ತು ನನ್ನ ಮೇಲೇ ಕಣ್ಣು." ಅವಳು ಮುಖ ಗಂಟಿಕ್ಕಿಕೊಂಡೇ ಸಹಿ ಹಾಕುತ್ತಿದ್ದಳು, ಅವನು ಬೆನ್ನು ತಿರುಗಿಸಿದ ಮೇಲೆ ನಗುತ್ತಿದ್ದಳು. ಎದುರಿನ ಬಸ್ಸಿನ ಗಾಜಿನಲ್ಲಿ ಆ ನಗು ಅವನಿಗೆ ಕಾಣುತ್ತದೆ ಎಂಬುದು ಅವಳಿಗೆ ಗೊತ್ತಾದದ್ದು ಎರಡನೆಯ ವರ್ಷ. ಗೊತ್ತಾದ ಮೇಲೂ ಅವಳು ನಗುವುದನ್ನು ಬಿಡಲಿಲ್ಲ.

ಅಂಥವನು ಹೊರಟುಹೋದ.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಹೆಸರೂ ಮುಗಿದವು. ಥರ್ಮನ್‌ನ ಹಿಂದೆ ಇನ್ನೊಬ್ಬರೂ ಹೋಗಿರಲಿಲ್ಲ. ಸಮಾಧಾನವಾಗಬೇಕಿತ್ತು. ಅವಳು ಕುರ್ಚಿಯಲ್ಲಿ ಕೂತು ಆ ಒಂದೇ ಹೆಸರನ್ನು ನೋಡುತ್ತಿದ್ದಳು.

ಬಾಗಿಲು ದೂಡಿಕೊಂಡು ಮಿಗ್ದಾಲಿಯಾ ಬಂದಳು, ಥರ್ಮನ್‌ನ ತೋಳು ಹಿಡಿದು ಎಳೆದುಕೊಂಡು. "ತಗೋ, ನಿನ್ನ ಕೈದಿ. ತಪ್ಪು ನಂದೂ ಇದೆ ಕಣೇ. ನಿನ್ನ ಕಾಯಂ ಆರ್ಡರಿಗೆ ಸಹಿ ಬಿದ್ದಾಯ್ತು ಅಂತ ವರ್ಕ್‌ಶಾಪ್ ತುಂಬಾ ಸಾರಿಬಿಟ್ಟೆ. ಯಾರೋ ಅಂದ್ರು, ನಂಬಿದೆ. ಹಲಗೆ ನೋಡಿ ತೀರ್ಮಾನ ಅಂತ ಕೆಸ್ಲರ್ ಈಗ ಹೇಳಿದ ಮೇಲೇ ಅದು ಸುಳ್ಳು ಅಂತ ಗೊತ್ತಾಯ್ತು. ಈ ಮಹಾನುಭಾವ ಅದನ್ನು ನೆಚ್ಚಿಕೊಂಡು ಏನು ಮಾಡಿದ್ದಾನೆ ಕೇಳು." ಅಷ್ಟು ಹೇಳಿ ಬಾಗಿಲು ಎಳೆದುಕೊಂಡು ಹೋದಳು. ದೂರ ಹೋಗಿರಲಾರಳು.

ವರ್ನೀಟಾ ಕಾಫಿ ಕೊಡಲಿಲ್ಲ. ಕಾದಳು.

ಗೋಡೆಯ ಗಡಿಯಾರ ಒಂದು ನಿಮಿಷ ನಡೆಯಿತು, ಎರಡು. ಥರ್ಮನ್ ಟೋಪಿಯ ಅಂಚನ್ನು ಸುತ್ತ ತಿರುಗಿಸುತ್ತಿದ್ದ. ನಾಲ್ಕು ವರ್ಷ ಗೆದ್ದವನು ಈ ಸಲ ಸೋತ.

"ಕೆಲಸ ನಿಮ್ಮದಾಯ್ತು ಅಂದ್ಕೊಂಡೆ," ಎಂದ. "ಕಾಯಂ ಬಾಸ್ ಆದ್ರೆ, ಕೈಕೆಳಗೆ ಇರೋನು ನಿಮ್ಮನ್ನ ಊಟಕ್ಕೆ ಕರೆಯೋ ಹಾಗಿಲ್ಲ. ರೂಲು ಇದೆ. ಕರೆದ್ರೆ ಆಡ್ಕೊಳ್ಳೋದು ನನ್ನನ್ನಲ್ಲ, ನಿಮ್ಮನ್ನ. ಅದಕ್ಕೆ, ಇಲ್ಲಿ ಇರೋದೇ ಬೇಡ ಅಂತ..." ನಿಲ್ಲಿಸಿದ. "ಡೈರೆಕ್ಟರ್ ಹಲಗೆ ನೋಡಿ ತೀರ್ಮಾನ ಮಾಡ್ತಾರೆ ಅಂತ ಗೊತ್ತಿರಲಿಲ್ಲ, ಮಿಸ್ ವರ್ನೀಟಾ. ಅಳಿಸಿಬಿಡಿ. ನಾನು ಇಲ್ಲೇ ಇರ್ತೀನಿ. ಊಟ ಬೇಡ."

ಊಟ ಬೇಡ ಎಂಬ ಆ ಎರಡು ಪದ ಅವಳಿಗೆ ಎಲ್ಲಕ್ಕಿಂತ ಹೆಚ್ಚು ತಾಗಿತು.

"ಅಳಿಸಲ್ಲ," ಎಂದಳು. "ನಿಮಗೆ ಅಳಿಸಿದ್ರೆ ನಾಳೆ ಎಂಬತ್ತು ಜನಕ್ಕೂ ಅಳಿಸಬೇಕಾಗತ್ತೆ."

ಅವನು ತಲೆಯಾಡಿಸಿದ. ಅವಳು ಹಾಗೆಯೇ ಹೇಳುತ್ತಾಳೆಂದು ಅವನಿಗೆ ಗೊತ್ತಿತ್ತು. ಅದಕ್ಕಾಗಿಯೇ ಅವಳೆಂದರೆ ಅವನಿಗೆ ಇಷ್ಟ ಎಂಬುದೂ ಅವನ ಮುಖದಲ್ಲಿ ಕಾಣುತ್ತಿತ್ತು.

ಅಷ್ಟರಲ್ಲಿ ಕೆಸ್ಲರ್ ಬಂದ, ಕೈಯಲ್ಲಿ ಉಳಿದ ಡಿಪೋಗಳ ಪಟ್ಟಿ ಹಿಡಿದು. ಬೇರೆ ಕಡೆಯಿಂದ ಎಂಟು ಜನ ಇಲ್ಲಿಗೆ ಬರಲು ಆರಿಸಿದ್ದಾರಂತೆ, ಇಷ್ಟು ವರ್ಷದಲ್ಲಿ ಇಲ್ಲಿಗೆ ಯಾರೂ ಬಂದದ್ದಿಲ್ಲವಂತೆ. ಆದರೆ ಅವನಿಗೆ ಒಂದೇ ಪ್ರಶ್ನೆ ಉಳಿದಿತ್ತು. ಎಲ್ಲರಿಗಿಂತ ಹಳೆಯ ಡ್ರೈವರು ಯಾಕೆ ಬಿಟ್ಟ? ಅದಕ್ಕೊಂದು ಕಾರಣ ಬರೆಯಬೇಕು.

'ವೈಯಕ್ತಿಕ' ಎಂದು ಬರೆದರೆ ಮುಗಿಯುತ್ತಿತ್ತು. ಥರ್ಮನ್ ಅದನ್ನೇ ಹೇಳಲು ಬಾಯಿ ತೆರೆದ. ವರ್ನೀಟಾ ಎದ್ದು ನಿಂತಳು.

"ನನ್ನನ್ನ ಊಟಕ್ಕೆ ಕರೆಯೋಕೆ," ಎಂದಳು. "ಇಲ್ಲೇ ಇದ್ರೆ ರೂಲು ಮುರಿದ ಹಾಗಾಗತ್ತೆ, ಅದಕ್ಕೆ. ನಾನು ಒಪ್ಕೊಂಡಿದ್ದೀನಿ. ಸೋಮವಾರದಿಂದ ಅವರು ಲೇಕ್‌ಸೈಡ್‌ನವರು. ಅದರಿಂದ ನನಗೆ ಈ ಕೆಲಸ ಸಿಗಲ್ಲ ಅಂದ್ರೆ, ಈಗಲೇ ಹೇಳಿ."

ಹತ್ತೊಂಬತ್ತು ವರ್ಷದಲ್ಲಿ ಕೆಸ್ಲರ್‌ನ ಮುಂದೆ ಅವಳು ಇಷ್ಟುದ್ದ ಮಾತಾಡಿರಲಿಲ್ಲ. ಹೇಳಿ ಮುಗಿಸಿ ಸುಮ್ಮನಾದಳು. ಕಾಫಿ ಕೊಟ್ಟು ಕಾಯುವಾಗಿನ ಅದೇ ಮೌನ. ಕೆಸ್ಲರ್ ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ. ಕಡೆಗೆ ಅವನೇ ಮಾತಾಡಬೇಕಾಯಿತು. ಆರ್ಡರು ಗುರುವಾರ ಬರುತ್ತದೆ ಎಂದ. ಕಾಯಂ ಎಂಬುದನ್ನು ಸ್ವಲ್ಪ ತಡವಾಗಿ ಸೇರಿಸಿದ. ಕಾರಣದ ಜಾಗವನ್ನು ಅವಳೇ ತುಂಬಲಿ ಎಂದು ಕಾಗದ ಅಲ್ಲೇ ಇಟ್ಟು ಹೋದ.

ಬಾಗಿಲ ಆಚೆ ಮಿಗ್ದಾಲಿಯಾಳ ಗಹಗಹಿಕೆ ಕೇಳಿಸಿತು.

ಥರ್ಮನ್ ಇನ್ನೂ ನಿಂತೇ ಇದ್ದ. "ಒಪ್ಕೊಂಡಿದ್ದೀನಿ ಅಂದ್ರಿ," ಎಂದ, ಮೆಲ್ಲಗೆ. "ನಾನು ಇನ್ನೂ ಕೇಳೇ ಇಲ್ಲ."

"ಸೋಮವಾರದ ತನಕ ಕೇಳೋ ಹಾಗೂ ಇಲ್ಲ. ಅದಾದ ಮೇಲಿನ ಭಾನುವಾರ, ಚರ್ಚ್ ಮುಗಿದ ಮೇಲೆ."

"ಏನು ಮಾಡಲಿ ಅಡುಗೆಗೆ?"

ಅವಳು ಸುಮ್ಮನಿರಬಹುದಿತ್ತು. ಬದಲಿಗೆ ಹೇಳತೊಡಗಿದಳು: ಜೋಳದ ಬ್ರೆಡ್ಡಿಗೆ ಸಕ್ಕರೆ ಹಾಕಿದರೆ ತಿನ್ನುವುದಿಲ್ಲ ಎಂದು, ಬೆಂಡೆಕಾಯಿ ಅಂಟಂಟಾಗಬಾರದು ಎಂದು, ತನ್ನ ಅಜ್ಜಿ ಅಲಬಾಮಾದಿಂದ ಬರುವಾಗ ಸೊಪ್ಪಿನ ಬೀಜ ಕರವಸ್ತ್ರದಲ್ಲಿ ಕಟ್ಟಿ ತಂದಿದ್ದಳು ಎಂದು, ಆ ಸೊಪ್ಪಿನ ರುಚಿಯನ್ನು ಯಾರಿಗಾದರೂ ಹೇಳಬೇಕೆಂದು ಎಷ್ಟೋ ವರ್ಷದಿಂದ ಅನ್ನಿಸುತ್ತಿತ್ತು ಎಂದು.

ಥರ್ಮನ್ ಕುರ್ಚಿ ಎಳೆದುಕೊಂಡು ಎದುರಿಗೆ ಕೂತ. ಏನೂ ಕೇಳದೆ ಕಾದ. ಅವಳು ಮಾತಾಡುತ್ತಲೇ ಇದ್ದಳು.